ಮೂಗಿನ ಪೈಪು ಹಾಕಿದ ದಿನವೇ ಬಿಡಿಸುವ ದಾರಿಯನ್ನೂ ಬರೆದುಕೊಡಿ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೆ, ಶಿವಮೊಗ್ಗ.

ಮಾನ್ಯರೇ,

ನಾನು ಹೊಸನಗರ ತಾಲ್ಲೂಕಿನ ಘಟ್ಟದ ಅಂಚಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಕಳೆದ ತಿಂಗಳು ತೂಕ ನೋಡುವ ದಿನ, ಹನ್ನೊಂದು ತಿಂಗಳ ಗಂಡುಮಗುವನ್ನು ಎತ್ತಿಕೊಂಡು ಬಂದ ತಾಯಿಯೊಬ್ಬಳು ಮೂಗಿನಿಂದ ಹೊಟ್ಟೆಗೆ ಹಾಲು ಇಳಿಸುವ ಪೈಪನ್ನು ಹಿಡಿದಿಡಲು ಮಗುವಿನ ಕೆನ್ನೆಗೆ ಅಂಟಿಸಿದ್ದ, ಏಳುತ್ತಿದ್ದ ಪ್ಲಾಸ್ಟರಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡೇ, "ಅಕ್ಕೋರೆ, ಈ ಪೈಪು ಯಾವಾಗ ತೆಗೀತಾರೆ?" ಎಂದು ಕೇಳಿದಳು. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಟ್ಟ ಚೀಟಿಯನ್ನು ತರಿಸಿ ನೋಡಿದೆ. ಟ್ಯೂಬಿನ ನಂಬರು, ಎರಡು ಗಂಟೆಗೊಮ್ಮೆ ಕೊಡಬೇಕಾದ ಹಾಲಿನ ಅಳತೆ, ಯಾವ ಡ್ರಾಪ್ಸ್ ಎಷ್ಟು ಹನಿ ಎಂಬುದೆಲ್ಲ ಅದರಲ್ಲಿತ್ತು. ಟ್ಯೂಬನ್ನು ಏಕೆ ಹಾಕಿದ್ದಾರೆ, ಏನಾದರೆ ತೆಗೆಯಬಹುದು, ಅದನ್ನು ನೋಡಿ ಹೇಳುವವರು ಯಾರು ಎಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಅಂಥ ಚೀಟಿ ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ, ಬೇರೊಂದು ಆಸ್ಪತ್ರೆಯಿಂದ, ನನ್ನ ಮಗಳನ್ನು ಎತ್ತಿಕೊಂಡು ಅಂಥದೇ ಚೀಟಿ ಹಿಡಿದು ನಾನೂ ಮನೆಗೆ ಬಂದಿದ್ದೆ. ಆ ತಾಯಿಗೆ ನನ್ನ ಅನುಭವವನ್ನು ಹೇಳಬಲ್ಲೆನೇ ಹೊರತು, ಜಿಲ್ಲೆಯಲ್ಲಿ ಇಂಥ ಬಾಗಿಲನ್ನು ಹೋಗಿ ತಟ್ಟು ಎಂದು ಬೆರಳು ತೋರಿಸಲು ನನಗೆ ಆಗಲಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ನನ್ನ ಮಗಳು 30 ವಾರಕ್ಕೇ ಹುಟ್ಟಿದವಳು. ಹುಟ್ಟಿದಾಗ 1,200 ಗ್ರಾಂ ಇದ್ದಳು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಂದಕ್ಕೊಂದು ಅಡ್ಡಬಾರದಂತೆ ಹೊಂದಿಸಿಕೊಳ್ಳುವ ಶಕ್ತಿ ಕೂಸಿಗೆ ಬರುವುದೇ ಸುಮಾರು 32ರಿಂದ 34 ವಾರದ ಹೊತ್ತಿಗೆ. ಅದಕ್ಕೆ ಮುಂಚೆ ಹುಟ್ಟಿದ ಕೂಸಿಗೆ ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಕೆ ಇಳಿಸಿ ತಾಯಿಯ ಹಾಲು ಕೊಡುವುದು ಅನಿವಾರ್ಯ. ಆ ನಳಿಕೆ ನನ್ನ ಮಗಳನ್ನು ಉಳಿಸಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮಾತುಗಳನ್ನು ಓದಿ ಯಾರೂ ನಳಿಕೆಯೇ ಕೆಟ್ಟದ್ದು ಎಂದು ತಿಳಿಯಬಾರದು. ಮೊದಲ ಸಲ ಅದನ್ನು ತೆಗೆದು ಮೊಲೆಗೆ ಹಾಕಿಕೊಂಡು ಮನೆಗೆ ಬಂದೆವು. ನಾಲ್ಕನೆಯ ತಿಂಗಳಲ್ಲಿ ನ್ಯುಮೋನಿಯಾ ಆಗಿ ಮತ್ತೆ ಆಸ್ಪತ್ರೆ ಸೇರಿದಾಗ ಮತ್ತೆ ಹಾಕಿದರು. ಬಿಡುಗಡೆಯ ದಿನ ಕೇಳಿದ್ದಕ್ಕೆ, "ತೂಕ ಬಂದಮೇಲೆ ನೋಡೋಣ" ಎಂಬ ಉತ್ತರ ಬಂತು. ಎಷ್ಟು ತೂಕ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಒಂದು ವಾಕ್ಯದ ಮೇಲೆ ನಾವು ಹದಿನಾಲ್ಕು ತಿಂಗಳು ಕಳೆದೆವು.

ಊರಿನ ಮಕ್ಕಳ ತೂಕ ನೋಡುವವಳ ಸ್ವಂತ ಮಗಳೇ ಪಟ್ಟಿಯಲ್ಲಿ ಕೆಂಪು ಬಣ್ಣದಲ್ಲಿದ್ದಳು. ಹದಿನೆಂಟು ತಿಂಗಳಿಗೆ ಅವಳ ತೂಕ 7 ಕಿಲೋ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಮಾನದಂಡದಲ್ಲಿ ಆ ವಯಸ್ಸಿನ ಹೆಣ್ಣುಮಗುವಿನ ಮಧ್ಯಮ ತೂಕ 10.2 ಕಿಲೋ, 8.1ಕ್ಕಿಂತ ಕಡಿಮೆಯಾದರೆ ಕಡಿಮೆ ತೂಕ, 7.2ಕ್ಕಿಂತ ಕೆಳಗಿಳಿದರೆ ತೀವ್ರ ಕಡಿಮೆ ತೂಕ. ಆದರೆ ಹತ್ತು ವಾರ ಮುಂಚೆ ಹುಟ್ಟಿದ ಮಗುವಿಗೆ ಎರಡು ವರ್ಷದ ತನಕ ಆ ಹತ್ತು ವಾರವನ್ನು ಕಳೆದು ವಯಸ್ಸು ಲೆಕ್ಕ ಹಾಕಬೇಕು. ಹಾಗೆ ನೋಡಿದರೆ ಅವಳಿಗೆ ಹದಿನಾರು ತಿಂಗಳೂ ತುಂಬಿರಲಿಲ್ಲ, ಕೆಂಪಿನಿಂದ ಹಳದಿಗೆ ಬರುತ್ತಿದ್ದಳು. ನಾನು ಹುಟ್ಟಿದ ದಿನವನ್ನೇ ಹಿಡಿದು ದಾಖಲಿಸುತ್ತಿದ್ದೆ, ಹಾಗಾಗಿ ಅವಳು ಕೆಂಪಿನಲ್ಲಿಯೇ ಉಳಿದಳು. ಕೆಂಪು ಬಣ್ಣ ಕಂಡವರೆಲ್ಲ ಇನ್ನೂ ಹತ್ತು ಮಿಲಿಲೀಟರ್ ಹೆಚ್ಚು ಹಾಕಿ ಎಂದರು. ಹೆಚ್ಚು ಹಾಕಿದಷ್ಟೂ ಅವಳು ವಾಂತಿ ಮಾಡಿಕೊಂಡಳು.

ಇಲ್ಲಿರುವ ಸಿಕ್ಕನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗು ಕಡಿಮೆ ತೂಕದ್ದು, ಆದ್ದರಿಂದ ಟ್ಯೂಬು ಬೇಕು ಎನ್ನುತ್ತೇವೆ. ಎರಡು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ಹೊಟ್ಟೆಗೆ ನೇರವಾಗಿ ಹಾಲು ಇಳಿಯುತ್ತಿದ್ದರೆ ಮಗುವಿಗೆ ಹಸಿವು ಎಂಬುದೇ ತಿಳಿಯುವುದಿಲ್ಲ. ಹಸಿವಿಲ್ಲದ ಮಗು ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮಗುವಿನ ತೂಕ ಏರದಿದ್ದರೆ ಟ್ಯೂಬಿನಲ್ಲಿ ಇನ್ನಷ್ಟು ಸುರಿಯುತ್ತೇವೆ. ನಳಿಕೆಯ ತುದಿ ಅನ್ನನಾಳ ಮತ್ತು ಜಠರದ ನಡುವಿನ ಬಾಯಿಯನ್ನು ದಾಟಿಕೊಂಡೇ ಇರುವುದರಿಂದ ಆ ಬಾಯಿ ಪೂರ್ತಿ ಮುಚ್ಚಿಕೊಳ್ಳದೆ, ಕುಡಿದದ್ದು ಮೇಲಕ್ಕೆ ಬರುವುದೂ ಹೆಚ್ಚು. ಹೀಗೆ ತೂಕ ಬರಲೆಂದು ಇಟ್ಟ ವಸ್ತುವೇ ತೂಕ ಬಾರದಂತೆ ನೋಡಿಕೊಳ್ಳುತ್ತದೆ.

ಇದಕ್ಕಿಂತ ಸರಳವಾದ ಇನ್ನೊಂದು ಕಾರಣವಿದೆ. ಅದನ್ನು ಆಸ್ಪತ್ರೆಯವರು ಕಾಣಲಾರರು, ಏಕೆಂದರೆ ಅದು ನಡೆಯುವುದು ನಮ್ಮ ಅಡಿಗೆಮನೆಯಲ್ಲಿ. ಐದು ಅಥವಾ ಆರು ನಂಬರಿನ ನಳಿಕೆಯ ತೂತು ಎಷ್ಟು ಸಣ್ಣದೆಂದರೆ ರಾಗಿ ಮಣ್ಣಿ, ಅಂದರೆ ರಾಗಿ ಸರಿ, ಅದರಲ್ಲಿ ಇಳಿಯುವುದೇ ಇಲ್ಲ. ಒಮ್ಮೆ ಕಟ್ಟಿಕೊಂಡರೆ ಮತ್ತೆ ಟ್ಯೂಬು ಹಾಕಿಸಲು ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಆ ಭಯಕ್ಕೆ ಮಣ್ಣಿಯನ್ನು ತೆಳು ಮಾಡುತ್ತೇವೆ, ಬಟ್ಟೆಯಲ್ಲಿ ಸೋಸುತ್ತೇವೆ, ಹಾಲಿಗೆ ನೀರು ಬೆರೆಸುತ್ತೇವೆ. ನಾನು ಮಗಳಿಗೆ ದಿನಕ್ಕೆ ಎಂಟು ಸಲ 90 ಮಿಲಿಲೀಟರಿನಂತೆ 720 ಮಿಲಿಲೀಟರ್ ಕೊಡುತ್ತಿದ್ದೆ; ಎರಡು ಪಾಲು ಹಾಲು, ಒಂದು ಪಾಲು ನೀರು. ಹಸುವಿನ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 65 ಕಿಲೋ ಕ್ಯಾಲೊರಿ ಇರುತ್ತದೆ ಎಂದು ಹಿಡಿದರೂ ಅವಳ ಹೊಟ್ಟೆ ಸೇರುತ್ತಿದ್ದುದು 310ರ ಆಸುಪಾಸು. 7 ಕಿಲೋ ತೂಕದ ಮಗುವಿಗೆ ದಿನಕ್ಕೆ ಕಡಿಮೆಯೆಂದರೂ 700 ಬೇಕು, ಹಿಂದೆ ಬಿದ್ದ ಬೆಳವಣಿಗೆಯನ್ನು ತುಂಬಿಕೊಳ್ಳಲು ಅದಕ್ಕಿಂತ ಹೆಚ್ಚು. ಮಗುವಿನ ಹೊಟ್ಟೆ ಯಾವಾಗಲೂ ತುಂಬಿತ್ತು, ತುಂಬಿದ್ದು ನೀರಿನಿಂದ. ಪೋಷಣೆಯ ತರಬೇತಿ ಪಡೆದ ನನಗೇ ಈ ಕೂಡುಲೆಕ್ಕ ಹೊಳೆಯಲು ಒಂದು ವರ್ಷ ಹಿಡಿಯಿತೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಬಾಯಿಯ ವಿಷಯವೂ ಇದೆ. ಮಕ್ಕಳು ಹಿಸುಕಿದ, ಗಂಟುಗಂಟಾದ ಆಹಾರವನ್ನು ನಾಲಿಗೆಯಲ್ಲಿ ಹೊರಳಿಸಿ ಕಲಿಯುವ ಹೊತ್ತು ಆರು ತಿಂಗಳಿನಿಂದ ಮುಂದಕ್ಕೆ ತೆರೆದುಕೊಳ್ಳುತ್ತದೆ. ಹತ್ತು ತಿಂಗಳು ಕಳೆದರೂ ಅದರ ರುಚಿ ಕಾಣದ ಮಕ್ಕಳು ಮುಂದೆ ಊಟಕ್ಕೆ ಹೆಚ್ಚು ಕಾಡುತ್ತಾರೆ. ನನ್ನ ಮಗಳು ಆ ಕಾಲದಲ್ಲಿ ತನ್ನ ಮುಖದ ಬಳಿ ಬರುವ ಕೈ ಎಂದರೆ ನೋವು ಎಂದೇ ಕಲಿತಿದ್ದಳು: ಪ್ಲಾಸ್ಟರು ಕೀಳುವ ಕೈ, ನಳಿಕೆ ತುರುಕುವ ಕೈ, ಕಫ ಎಳೆಯುವ ಕೈ. ಚಮಚ ಕಂಡರೇ ಓಕರಿಸುತ್ತಿದ್ದಳು. ಇದನ್ನು ಕಂಡು ಮನೆಯ ಹಿರಿಯರು ಮಾಡಿದ್ದು ಮಲೆನಾಡಿನ ಯಾವ ಮನೆಯಲ್ಲಾದರೂ ಮಾಡುವಂಥದ್ದೇ. ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಬೆಳ್ಳಿಯ ಒಳಲೆಯಲ್ಲಿ ಹುಯ್ಯುವುದು. ಅವರ ಪ್ರೀತಿಯನ್ನು ನಾನು ಪ್ರಶ್ನಿಸುವುದಿಲ್ಲ, ನನ್ನನ್ನೂ ಹಾಗೆಯೇ ಬೆಳೆಸಿದ್ದಾರೆ. ಆದರೆ ಅಳುವ ಮಗುವಿನ ಬಾಯಿಗೆ ಹುಯ್ದದ್ದು ಶ್ವಾಸನಾಳಕ್ಕೆ ಇಳಿಯಬಹುದು; ಕೆಲವು ಮಕ್ಕಳಿಗೆ ಹಾಗೆ ಇಳಿದಾಗ ಕೆಮ್ಮು ಕೂಡ ಬರುವುದಿಲ್ಲ, ಮತ್ತೆಮತ್ತೆ ನ್ಯುಮೋನಿಯಾ ಆದಾಗಲೇ ತಿಳಿಯುವುದು. ಮಗುವಿಗೆ ಬಾಯಿಯ ಮೇಲಿನ ಭಯ ಇಮ್ಮಡಿಯಾಗುವುದು ಬೇರೆ.

ನಮ್ಮಲ್ಲಿ ಮೊಲೆ ಬಿಡಿಸುವುದು ಎನ್ನುತ್ತೇವೆ, ಯಾರೂ ಮೊಲೆ ಕಿತ್ತುಕೊಳ್ಳುವುದು ಎನ್ನುವುದಿಲ್ಲ. ಟ್ಯೂಬಿಗೂ ಅದೇ ಮಾತು ಸಲ್ಲಬೇಕಿತ್ತು. ಇದು ತಿಳಿಯದೆ ನಾನೇ ಒಮ್ಮೆ ಕಿತ್ತು ನೋಡಿದ್ದೇನೆ. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಸುಲಿಯುವವರು, ಒಳಗೆ ಬೇಯಿಸುವ ಹಂಡೆ, ರಾತ್ರಿಯೆಲ್ಲ ಎದ್ದು ಸಿರಿಂಜು ಹಿಡಿದು ಸಾಕಾಗಿತ್ತು. ಹಸಿದರೆ ತಾನೇ ತಿನ್ನುತ್ತಾಳೆ ಎಂದು ಯಾರೋ ಹೇಳಿದ್ದನ್ನು ನಂಬಿ ಒಂದು ಬೆಳಿಗ್ಗೆ ನಳಿಕೆ ತೆಗೆದೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವಳು ಅಳುವುದನ್ನೂ ಬಿಟ್ಟು ಜೋಲುತ್ತ ಮಲಗಿದ್ದಳು, ಬೆಳಿಗ್ಗೆಯಿಂದ ಮೂತ್ರ ಮಾಡಿರಲಿಲ್ಲ. ಜೀಪು ಮಾಡಿಕೊಂಡು ಓಡಿದೆವು. ಕಡಿಮೆ ತೂಕದ ಮಗುವಿನ ಮೈಯಲ್ಲಿ ಎರಡು ದಿನಕ್ಕಾಗುವಷ್ಟು ದಾಸ್ತಾನು ಇರುವುದಿಲ್ಲ. ರಕ್ತದಲ್ಲಿ ಸಕ್ಕರೆ ಇಳಿಯುವುದು, ನೀರಿನಂಶ ಬತ್ತುವುದು ಬೇಗ ಆಗಿಬಿಡುತ್ತದೆ. ಈ ಪತ್ರ ಓದುವ ಯಾವ ತಾಯಿಯೂ ನಾನು ಮಾಡಿದ್ದನ್ನು ಮಾಡಬಾರದು.

ಸರಿಯಾದ ಕ್ರಮವನ್ನು ನಮಗೆ ಕೊನೆಗೆ ಕಲಿಸಿದವರು ದೂರದ ಊರಿನ ಒಬ್ಬ ನುಂಗುವಿಕೆ ಚಿಕಿತ್ಸಕಿ. ಅವರು ಮೊದಲು ನೋಡಿದ್ದು ಮಗು ತಿನ್ನುತ್ತದೆಯೇ ಎಂಬುದನ್ನಲ್ಲ, ನುಂಗಿದ್ದು ದಾರಿ ತಪ್ಪದೆ ಹೊಟ್ಟೆಗೇ ಹೋಗುತ್ತದೆಯೇ ಎಂಬುದನ್ನು. ಕುಡಿದ ಮೇಲೆ ದನಿ ಗೊರಗೊರ ಎನ್ನುತ್ತದೆಯೇ, ಕೆಮ್ಮು ಬರುತ್ತದೆಯೇ, ಉಸಿರು ಏರುತ್ತದೆಯೇ ಎಂದು ನೋಡಿ, ಎಕ್ಸ್‌ರೇ ಕೆಳಗೆ ನುಂಗಿಸಿಯೂ ಪರೀಕ್ಷೆ ಮಾಡಿಸಿದರು. ಆಮೇಲೆ ಮಕ್ಕಳ ವೈದ್ಯರೊಂದಿಗೆ ಕುಳಿತು ಒಂದು ಗೆರೆ ಎಳೆದರು: ಆರಂಭದಲ್ಲಿ ಸ್ವಲ್ಪ ತೂಕ ಇಳಿದೇ ಇಳಿಯುತ್ತದೆ, ನೂರಕ್ಕೆ ಐದರಷ್ಟು, ಅಂದರೆ 350 ಗ್ರಾಂ ಇಳಿದರೆ ನಿಲ್ಲಿಸಿ ಮತ್ತೆ ಹಿಂದಿನ ಅಳತೆಗೆ ಹೋಗುವುದು. ದಪ್ಪಗಿರುವ ಮಗುವಿಗೆ ಇನ್ನೂ ಹೆಚ್ಚು ಅವಕಾಶ ಕೊಡಬಹುದಂತೆ; ನಮ್ಮಂಥ ಮಗುವಿಗೆ ಅಷ್ಟೇ ಅಂಗಳ.

ಅದಕ್ಕೂ ಮುಂಚೆ ಮೂರು ವಾರ ಟ್ಯೂಬಿನಲ್ಲಿ ಹೋಗುವುದನ್ನೇ ಸತ್ವಯುತ ಮಾಡಿಸಿದರು. ಹಾಲಿಗೆ ನೀರು ಬೆರೆಸುವುದು ನಿಂತಿತು. ಒಂದು ಚಿಕ್ಕ ಚಮಚ ತುಪ್ಪದಲ್ಲಿ ಸುಮಾರು 40 ಕಿಲೋ ಕ್ಯಾಲೊರಿ ಇದೆ, ಅದನ್ನು ಬಿಸಿಬಿಸಿಯಾಗಿ ಕದಡಿ ಸೇರಿಸಿದೆವು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಪಿಷ್ಟವನ್ನು ಒಡೆಯುವ ಗುಣ ಇರುತ್ತದೆ. ಗಟ್ಟಿಯಾಗಿ ಕಾಸಿದ ಮಣ್ಣಿ ಉಗುರುಬೆಚ್ಚಗಾಗುವ ಹೊತ್ತಿಗೆ ಅದರ ಒಂದು ಚಮಚ ಕಲಸಿ ಸ್ವಲ್ಪ ಬಿಟ್ಟು ಮತ್ತೊಮ್ಮೆ ಕುದಿಸಿದರೆ, ನೀರು ಹಾಕದೆಯೇ ಮಣ್ಣಿ ಹರಿಯುವ ಹದಕ್ಕೆ ಬರುತ್ತದೆ. ಹಿಟ್ಟು ಹೆಚ್ಚು, ನೀರು ಕಡಿಮೆ, ನಳಿಕೆಯೂ ಕಟ್ಟುವುದಿಲ್ಲ. ಈ ಒಂದು ಸಂಗತಿಯನ್ನಾದರೂ ಅಂಗನವಾಡಿಗಳ ತಾಯಂದಿರ ಸಭೆಯಲ್ಲಿ ಹೇಳಿಕೊಡುವ ಏರ್ಪಾಟು ಆಗಬೇಕು.

ನಂತರ ಬಿಡಿಸುವ ಕೆಲಸ. ಮೊದಲು ರಾತ್ರಿಯ ಹಾಲು ನಿಂತಿತು. ದಿನಕ್ಕೆ ಎಂಟು ಸಲ ಇದ್ದದ್ದು ಹಗಲಿನಲ್ಲಿ ಮಾತ್ರ ಐದು ಸಲವಾಯಿತು, ನಡುವೆ ನಾಲ್ಕು ಗಂಟೆ ಬಿಡುವು. ಆಮೇಲೆ ಪ್ರತಿ ಸಲದ ಅಳತೆಯಲ್ಲಿ ಐದನೆಯ ಒಂದು ಭಾಗ ಕಡಿತ, ಕೆಲವು ದಿನಗಳ ನಂತರ ಇನ್ನೊಂದು ಭಾಗ. ದಿನಕ್ಕೆ ಎಷ್ಟು ಸಲ ಮೂತ್ರ ಮಾಡಿದಳು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಬೇಕಿತ್ತು, ಆರಕ್ಕಿಂತ ಕಡಿಮೆಯಾದರೆ ಫೋನು. ಎರಡು ದಿನಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಅದೇ ಹೊತ್ತಿನಲ್ಲಿ, ಬಟ್ಟೆಯಿಲ್ಲದೆ ತೂಕ. ಯಾರೂ ಅವಳ ಬಾಯಿಗೆ ಏನನ್ನೂ ಇಡುವಂತಿರಲಿಲ್ಲ. ಚಾಪೆಯ ಮೇಲೆ ಕೂರಿಸಿ, ಮುಂದೆ ತಟ್ಟೆ ಇಟ್ಟು, ನಾವೂ ಅಲ್ಲೇ ಕುಳಿತು ಉಣ್ಣಬೇಕು. ಅವಳು ಅನ್ನವನ್ನು ತಲೆಗೆ ಹಚ್ಚಿಕೊಂಡರೂ ಗದರುವಂತಿಲ್ಲ. ನನ್ನ ಅತ್ತೆಯವರಿಗೆ ಇದು ದೊಡ್ಡ ಶಿಕ್ಷೆಯಾಗಿತ್ತು.

ಒಂಬತ್ತು ದಿನದಲ್ಲಿ 260 ಗ್ರಾಂ ಇಳಿಯಿತು. ನಾನು ನಿದ್ದೆಗೆಟ್ಟೆ. ಹನ್ನೆರಡನೆಯ ದಿನ ಅತ್ತೆಯವರ ತಟ್ಟೆಯಲ್ಲಿದ್ದ ಕಡುಬನ್ನು ಎಳೆದುಕೊಳ್ಳಲು ಹೋಗಿ, ಪಕ್ಕದಲ್ಲಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ರಸದಲ್ಲಿ ಅವಳ ಬೆರಳು ಅದ್ದಿತು. ಬೆರಳು ನೆಕ್ಕಿದಳು, ಮುಖ ಕಿವುಚಿದಳು, ಮತ್ತೆ ಅದ್ದಿದಳು. ಸಿಹಿ ಮಣ್ಣಿಯನ್ನು ತಿಂಗಳುಗಟ್ಟಲೆ ಓಕರಿಸಿದ ಮಗುವಿಗೆ ಬೇಕಾಗಿದ್ದದ್ದು ಉಪ್ಪು ಹುಳಿ ಎಂದು ಯಾವ ಪಟ್ಟಿಯಲ್ಲಿ ಬರೆದಿದ್ದಾರು? ಆರನೆಯ ವಾರದಲ್ಲಿ ಒಂದು ರಾತ್ರಿ ನಳಿಕೆ ತಾನಾಗಿಯೇ ಜಾರಿತು, ಅದನ್ನು ಮತ್ತೆ ಹಾಕಿಸಲಿಲ್ಲ. ಆ ದಿನ ಅವಳ ತೂಕ 7 ಕಿಲೋ 50 ಗ್ರಾಂ.

ಇದು ಹೊಸದಾಗಿ ಕಂಡುಹಿಡಿಯಬೇಕಾದ ಚಿಕಿತ್ಸೆಯಲ್ಲ. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯವರು ದಶಕಗಳಿಂದ ಈ ಕೆಲಸ ಮಾಡುತ್ತಿದ್ದಾರೆ. ಅವರು 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ 221 ಮಕ್ಕಳ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಮೂರು ವಾರದ ಆಸುಪಾಸಿನಲ್ಲಿ ಟ್ಯೂಬು ಬಿಟ್ಟಿದ್ದರು. ನಮ್ಮ ರಾಜ್ಯದಲ್ಲಿಯೇ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ನುಂಗುವಿಕೆಯ ತೊಂದರೆಗಳಿಗೇ ಮೀಸಲಾದ ಕೇಂದ್ರವಿದೆ. ಎಲ್ಲ ಮಕ್ಕಳಿಗೂ ಬಿಡಿಸಲಾಗುವುದಿಲ್ಲ ಎಂಬುದನ್ನೂ ಬಲ್ಲೆ. ಮೆದುಳಿನ ತೊಂದರೆಯಿಂದ ನುಂಗುವುದು ಸುರಕ್ಷಿತವಲ್ಲದ ಮಗುವಿಗೆ ನಳಿಕೆಯೇ ಊಟದ ದಾರಿ. ಅಂಥ ಮಗುವಿಗೆ ಮೂಗಿನಲ್ಲಿ ವರ್ಷಗಟ್ಟಲೆ ಇಡುವ ಬದಲು ಹೊಟ್ಟೆಯ ಮೇಲೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಟ್ಯೂಬಿನ ಬಗ್ಗೆ ಸಕಾಲದಲ್ಲಿ ಹೇಳಬೇಕು. ಅದು ತಾಯಿಯ ಸೋಲಲ್ಲ. ನಾನು ಕೇಳುತ್ತಿರುವುದು, ಬಿಡಿಸಬಹುದಾದ ಮಗು ಯಾವುದು, ಬಿಡಿಸಲಾಗದ ಮಗು ಯಾವುದು ಎಂದು ಯಾರಾದರೂ ನೋಡಿ ಹೇಳಲಿ ಎಂಬುದನ್ನು.

ಅದಕ್ಕೆ ಬೇಕಾದವರು ಕಾಗದದ ಮೇಲೆ ಆಗಲೇ ಇದ್ದಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದಾಗ ಜಿಲ್ಲೆಗೊಂದು ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ, ಇರಬೇಕೆಂದು, ಅಲ್ಲಿ ಮಕ್ಕಳ ವೈದ್ಯರ ಜೊತೆಗೆ ಮಾತು ಮತ್ತು ಶ್ರವಣ ತಜ್ಞರೂ ಇರಬೇಕೆಂದು ಹೇಳಲಾಗಿದೆ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಹಾಸಿಗೆ, ತಕ್ಕಡಿ, ಆಹಾರದ ಬಗ್ಗೆ ತಿಳಿಸಿಕೊಡುವವರು, ತಾಯಿಗೆ ಕೂಲಿ ನಷ್ಟದ ಪರಿಹಾರ ಎಲ್ಲಕ್ಕೂ ಅವಕಾಶವಿದೆ. ಆದರೆ ಒಂದು ಕಡೆ ನುಂಗುವುದನ್ನು ಬಲ್ಲವರು, ಇನ್ನೊಂದು ಕಡೆ ತೂಕವನ್ನು ಬಲ್ಲವರು; ಟ್ಯೂಬಿನ ಮಗುವಿಗೆ ಇಬ್ಬರೂ ಒಂದೇ ದಿನ, ಒಂದೇ ಕೋಣೆಯಲ್ಲಿ ಬೇಕು. ವಾರಕ್ಕೆ ಒಂದು ದಿನ, ಅದೂ ಆಗದಿದ್ದರೆ ಹದಿನೈದು ದಿನಕ್ಕೆ ಒಂದು ದಿನ, ಇವರನ್ನು ಕೂಡಿಸಿ ಟ್ಯೂಬಿನ ಮಕ್ಕಳನ್ನು ನೋಡುವ ದಿನವೆಂದು ಗೊತ್ತುಮಾಡಿ. ಕಡಿಮೆ ತೂಕದ ಮಗುವಿಗೆ ಟ್ಯೂಬು ಬಿಡಿಸುವ ಮೊದಲ ಎರಡು ವಾರ ಪುನಶ್ಚೇತನ ಕೇಂದ್ರದ ಹಾಸಿಗೆಯಲ್ಲಿಯೇ ಕಳೆಯುವಂತಾಗಲಿ. ನಾನು ಜೀಪಿನಲ್ಲಿ ಓಡಿದ ಆ ಮಧ್ಯಾಹ್ನ ಇನ್ನೊಬ್ಬಳಿಗೆ ಬರುವುದು ಬೇಡ. ಆ ಎರಡು ವಾರದ ದಿನಾಂಕವನ್ನು ಕೊಯ್ಲು, ನಾಟಿಗಳ ಹೊತ್ತನ್ನು ತಾಯಿಯಲ್ಲಿ ಕೇಳಿ ನಿಗದಿ ಮಾಡಿದರೆ ನಡುವೆ ಬಿಟ್ಟು ಹೋಗುವವರೂ ಕಡಿಮೆಯಾಗುತ್ತಾರೆ.

ಬಿಡುಗಡೆಯ ಚೀಟಿಯಲ್ಲಿ ನಾಲ್ಕು ಸಾಲು ಹೆಚ್ಚಿಗೆ ಬರೆಸಿ: ಟ್ಯೂಬು ಹಾಕಿದ ಕಾರಣ, ಬಿಡಿಸುವ ಬಗ್ಗೆ ಮತ್ತೆ ನೋಡುವ ತಾರೀಖು, ಅಷ್ಟರೊಳಗೆ ಎಷ್ಟು ತೂಕ ನಿರೀಕ್ಷಿಸುತ್ತಾರೆ ಎಂಬುದು, ಟ್ಯೂಬು ಕಳಚಿದರೆ ಕರೆಮಾಡಬೇಕಾದ ಸಂಖ್ಯೆ. ನುಂಗಲು ತೊಂದರೆಯಿಲ್ಲದ ಮಗುವಾದರೆ, ಟ್ಯೂಬಿನಲ್ಲಿ ಹಾಲು ಇಳಿಯುವಾಗಲೇ ಬತ್ತಿದ ಮೊಲೆಯನ್ನೋ ಬೆರಳನ್ನೋ ಚೀಪಲು ಬಿಡಬಹುದೆಂದು ತಾಯಿಗೆ ಹೇಳಿಕೊಡಲಿ. ಹೊಟ್ಟೆ ತುಂಬುವುದಕ್ಕೂ ಬಾಯಿಗೂ ಇರುವ ನಂಟು ಉಳಿಯುತ್ತದೆ.

ತಾಲ್ಲೂಕು ಆಸ್ಪತ್ರೆಗಳ ಶುಶ್ರೂಷಾಧಿಕಾರಿಗಳಿಗೆ ಮಕ್ಕಳ ಟ್ಯೂಬು ಮತ್ತೆ ಹಾಕುವ ತರಬೇತಿ ಬೇಕು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದ ದಿನ ಶಿವಮೊಗ್ಗವೂ ದೂರ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗಳೂ ದೂರ. ಗಾಳಿ ಊದಿ ಸದ್ದು ಕೇಳಿ ಟ್ಯೂಬು ಹೊಟ್ಟೆಯಲ್ಲಿದೆ ಎಂದು ತೀರ್ಮಾನಿಸುವುದು ನಂಬಲರ್ಹವಲ್ಲ; ಒಳಗಿನ ದ್ರವವನ್ನು ಸ್ವಲ್ಪ ಎಳೆದು ಆಮ್ಲ ಪರೀಕ್ಷೆಯ ಕಾಗದಕ್ಕೆ ಮುಟ್ಟಿಸಿ ಪಿಎಚ್ 5.5ಕ್ಕೆ ಮೀರಿಲ್ಲವೆಂದು ನೋಡಬೇಕು. ಆ ಕಾಗದದ ಸುರುಳಿಗೆ ಹೆಚ್ಚು ಬೆಲೆಯಿಲ್ಲ.

ನಮ್ಮ ಇಲಾಖೆಗೂ ಒಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 32.9 ಮಂದಿ ಕಡಿಮೆ ತೂಕದವರು. ಆ ದೊಡ್ಡ ಗುಂಪಿನ ಮಧ್ಯೆ ಟ್ಯೂಬಿನ ನಾಲ್ಕಾರು ಮಕ್ಕಳು ಕಾಣದೆ ಹೋಗುತ್ತಾರೆ. ಆಶಾ ಕಾರ್ಯಕರ್ತೆಯರು 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಮನೆಗೆ ಭೇಟಿ ಕೊಡುವಾಗ ಮಗುವಿಗೆ ಟ್ಯೂಬು ಇದೆಯೇ, ಎಂದಿನಿಂದ ಇದೆ ಎಂದು ಒಂದು ಪ್ರಶ್ನೆ ಕೇಳಿ ಬರೆದುಕೊಂಡರೆ ಜಿಲ್ಲೆಯಲ್ಲಿ ಅಂಥವರು ಎಷ್ಟು ಮಂದಿ ಎಂಬುದು ವರ್ಷದೊಳಗೆ ತಿಳಿಯುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ವಯಸ್ಸನ್ನು ಕಳೆದು ಲೆಕ್ಕ ಹಾಕುವುದನ್ನು ಮೇಲ್ವಿಚಾರಕಿಯರು ನಮಗೆ ನಡೆಸುವ ವೃತ್ತದ ಸಭೆಯಲ್ಲಿ ಕಲಿಸಿ. ಟ್ಯೂಬು ಬಿಡಿಸುವ ವಾರಗಳಲ್ಲಿ ಇಳಿದ ತೂಕವನ್ನು ಕಾರ್ಯಕರ್ತೆಯ ಬೇಜವಾಬ್ದಾರಿ ಎಂದು ಎಣಿಸಬೇಡಿ. ಆ ಹೆದರಿಕೆಗೆ ನಮ್ಮಲ್ಲಿ ಎಷ್ಟೋ ಜನ ಇನ್ನೂ ಸ್ವಲ್ಪ ದಿನ ಟ್ಯೂಬು ಇರಲಿ ಬಿಡಿ ಎಂದು ತಾಯಂದಿರಿಗೆ ಹೇಳಿ ಕಳಿಸುತ್ತೇವೆ.

ಮೇಲೆ ಹೇಳಿದ ಹನ್ನೊಂದು ತಿಂಗಳ ಮಗು ಈಗ ಹನ್ನೆರಡಕ್ಕೆ ಬಿದ್ದಿದೆ, ತೂಕ 6 ಕಿಲೋ 400 ಗ್ರಾಂ. ಅವನ ತಾಯಿ ಹಾಲಿಗೆ ನೀರು ಬೆರೆಸುವುದನ್ನು ನಿಲ್ಲಿಸಿದ್ದಾಳೆ. ಅದಕ್ಕಿಂತ ಹೆಚ್ಚು ಏನನ್ನೂ ನಾನು ನನ್ನ ಹೊಣೆಯ ಮೇಲೆ ಹೇಳುವಂತಿಲ್ಲ. ಮೇಲೆ ಕೇಳಿದ ದಿನವೊಂದನ್ನು ನೀವು ಗೊತ್ತುಮಾಡಿದರೆ ಅವನನ್ನು ಕರೆದುಕೊಂಡು ಮೊದಲ ಬಸ್ಸಿಗೆ ನಾನೇ ಬರುತ್ತೇನೆ, ರಜೆಯ ಅರ್ಜಿಯನ್ನು ಬರೆದಿಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ಅಂಗನವಾಡಿ ಕಾರ್ಯಕರ್ತೆ